ಬೆಕ್ಕು ಅಡ್ಡ ಬಂದರೆ ಕರೆ ಮಾಡಿ

ಅರುಣ್ ಕುಮಾರ್ ತನ್ನ ಬೆಕ್ಕಿನ ಕೊರಳಿಗೆ ಪಟ್ಟಿ ಕಟ್ಟಿದ್ದು ಮಂಗಳವಾರ ಸಂಜೆ. ಬುಧವಾರ ಬೆಳಿಗ್ಗೆ ಆರೂವರೆಗೆ ಮೊದಲ ಫೋನ್ ಬಂತು.

"ಅರುಣ್ ಕುಮಾರ್ ಅಂದ್ರ ನೀವೇ ಏನ್ರಿ?"

"ಹೌದ್ರಿ."

"ನಿಮ್ಮ ಬೆಕ್ಕು ನನಗ ಅಡ್ಡ ಬಂದೈತಿ. ಬಂದು ವಾಪಸ್ ದಾಟಿಸ್ರಿ."

ಅರುಣ್ ಕುಮಾರ್ ಫೋನನ್ನು ಕಿವಿಯಿಂದ ತೆಗೆದು ನೋಡಿದ. ಫೋನಿನಲ್ಲಿ ತಪ್ಪೇನೂ ಕಾಣಲಿಲ್ಲ. ಮತ್ತೆ ಕಿವಿಗಿಟ್ಟ.

"ಯಾರು ಮಾತಾಡೋದು?"

"ಹೂವಿನ ಕೊಟ್ರಬಸಪ್ಪ. ನಿಮ್ಮ ಗೇಟಿನ ಮುಂದನ ನಿಂತೀನಿ. ಲಗೂನ ಬರ್ರಿ, ಮೊಗ್ಗು ಅರಳಾಕ ಹತ್ಯಾವು."

ಗೇಟಿನ ಮುಂದೆ ಎಂದ ಕೂಡಲೇ ಅರುಣ್ ಕುಮಾರ್‌ನ ನಿದ್ದೆ ಹಾರಿಹೋಯಿತು. ಅದಕ್ಕೆ ಕಾರಣವಿತ್ತು.

ಅವನಿಗೆ ಮೂವತ್ತೊಂದು ವರ್ಷ. ಹೂವಿನಹಡಗಲಿಯ ತಾಲ್ಲೂಕು ಕಚೇರಿ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಜನರ ಅರ್ಜಿಗಳನ್ನು ಟೈಪ್ ಮಾಡಿಕೊಡುವುದು ಅವನ ಕೆಲಸ. ಊರಿನ ಅರ್ಧ ದೂರುಗಳು ಅವನ ಬೆರಳ ತುದಿಯಿಂದಲೇ ಹೊರಟಿದ್ದವು. ಅವನ ಮೇಲೆ ಮಾತ್ರ ಒಂದೂ ದೂರಿರಲಿಲ್ಲ, ಇನ್ನೂ ಮದುವೆಯಾಗಿಲ್ಲ ಎಂಬುದೊಂದನ್ನು ಬಿಟ್ಟರೆ. ಆ ಒಂದು ದೂರಿನ ಮೇಲೆಯೇ ಹನ್ನೊಂದು ಮನೆಯವರು ಅವನಿಗೆ ಬಾಡಿಗೆ ಕೋಣೆ ಇಲ್ಲವೆಂದಿದ್ದರು. ಐದು ತಿಂಗಳು ಅವನು ಅಂಗಡಿಯಲ್ಲೇ, ಬಿಳಿ ಕಾಗದದ ಕಟ್ಟುಗಳ ನಡುವೆ, ತಾನೂ ಒಂದು ಕಟ್ಟಿನ ಹಾಗೆ ಮಲಗಿದ್ದ.

ಕೊನೆಗೆ ಹಾಲಿನ ಡೈರಿ ಓಣಿಯ ನಾಗಲಿಂಗಮ್ಮ ತಮ್ಮ ಮಹಡಿ ಮೇಲಿನ ಕೋಣೆ ಕೊಟ್ಟರು. ಒಂದೇ ಷರತ್ತು.

"ಮದುವಿ ಆಗು, ಬಿಡು, ಅದು ನಿನ್ನ ಹಣೇಬರ. ನಮ್ಮ ಗೇಟಿಗೆ ಮಾತ್ರ ಜಗಳ ಬರಬಾರ್ದು ತಮ್ಮಾ. ಬಂದ್ರ ಒಂದು ಗೆರಿ ಎಳೀತೀನಿ. ಮೂರು ಗೆರಿ ಆತು ಅಂದ್ರ ಮನಿ ಖಾಲಿ."

ಇದು ಬರೀ ಬಾಯಿಮಾತಾಗಿರಲಿಲ್ಲ. ಗೇಟಿನ ಒಳಗೆ, ಕರೆಂಟ್ ಮೀಟರಿನ ಪಕ್ಕದ ಗೋಡೆಯ ಮೇಲೆ, ಹಿಂದಿನ ಬಾಡಿಗೆದಾರನ ಮೂರು ಸೀಮೆಸುಣ್ಣದ ಗೆರೆಗಳು ಇನ್ನೂ ಮಾಸಿರಲಿಲ್ಲ. ಅವನು ಈಗ ಎಲ್ಲಿದ್ದಾನೆಂದು ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಬೆಕ್ಕು ಆ ಕೋಣೆಯಲ್ಲಿ ಅರುಣ್ ಕುಮಾರ್‌ಗಿಂತ ಮೊದಲೇ ಇತ್ತು. ಬೂದು ಬಣ್ಣದ, ದಪ್ಪ ಮುಖದ ಗಂಡು ಬೆಕ್ಕು. ಅವನು ಮನೆಯಲ್ಲಿದ್ದ ಭಾನುವಾರಗಳಲ್ಲಿ ನೋಡಿದಂತೆ, ಬೆಳಿಗ್ಗೆ ಹನ್ನೊಂದಕ್ಕೆ ಬಂದು, ಸುತ್ತಲೂ ಒಮ್ಮೆ ನೋಡಿ, ಕುರ್ಚಿಯ ಮೇಲೆ ಮಲಗಿ, ಐದಕ್ಕೆ ಎದ್ದು ಹೋಗುತ್ತಿತ್ತು. ಅದಕ್ಕೇ ಅವನು ಅದನ್ನು ಗುಮಾಸ್ತ ಎಂದು ಕರೆದ. ಇಡೀ ಹಡಗಲಿಯಲ್ಲಿ ಅವನ ಮದುವೆಯ ಬಗ್ಗೆ ಕೇಳದ ಒಂದೇ ಒಂದು ಜೀವ ಅದು. ಹೋದ ವಾರ ಗುಮಾಸ್ತ ಮೂರು ದಿನ ಕಾಣೆಯಾದಾಗ ಅರುಣ್ ಕುಮಾರ್ ಎರಡು ಅರ್ಜಿಗಳಲ್ಲಿ "ಜಮೀನು" ಎಂದು ಬರೆಯಬೇಕಾದಲ್ಲಿ "ಬೆಕ್ಕು" ಎಂದು ಬರೆದಿದ್ದ.

ನಾಲ್ಕನೆಯ ದಿನ ಬೆಕ್ಕು ಬಂತು. ಅರುಣ್ ಕುಮಾರ್ ನೇರವಾಗಿ ಪಕ್ಕದ ಅಂಗಡಿಯ ಬಾಷಾನ ಹತ್ತಿರ ಹೋದ. ಬಾಷಾ ಶಾಲೆಯ ಹುಡುಗರು ಕೊರಳಿಗೆ ಹಾಕಿಕೊಳ್ಳುವ ಐಡಿ ಕಾರ್ಡಿನ ಪಟ್ಟಿಗಳಿಗೆ ಅಚ್ಚು ಹಾಕುವವನು. ಬಲೆಯಂಥ ಬಟ್ಟೆ ಬಿಗಿದ ಚೌಕಟ್ಟಿನ ಮೇಲೆ ಒಮ್ಮೆ ಅಕ್ಷರ ಕೂರಿಸಿದರೆ ಸಾವಿರ ಪಟ್ಟಿ ಮುದ್ರಿಸಬಹುದು. ಅದಕ್ಕೆ ಅವನು ಸ್ಕ್ರೀನು ಎನ್ನುತ್ತಿದ್ದ.

"ಒಂದು ಪಟ್ಟಿಗೆ ಒಂದು ಸ್ಕ್ರೀನಾ?" ಬಾಷಾ ಎದೆ ಮುಟ್ಟಿಕೊಂಡ. "ಭಾಯ್, ಒಂದು ಕಪ್ ಚಾಕ್ಕ ಎಮ್ಮಿ ಕಟ್ಟಿದಂಗಾತು."

"ಗೆಳೆಯ ಅಂತ ಮಾಡಿಕೊಡಪ್ಪ."

ಬಾಷಾ ಗೆಳೆತನಕ್ಕಾಗಿ ಮಾಡಿಕೊಟ್ಟ. ಕೆಂಪು ಪಟ್ಟಿಯ ಮೇಲೆ ದಪ್ಪ ಬಿಳಿ ಅಕ್ಷರ: "ಕಂಡವರು ಕರೆ ಮಾಡಿ. ಅರುಣ್ ಕುಮಾರ್." ಕೆಳಗೆ ಹತ್ತು ಅಂಕಿಯ ನಂಬರು. ಶಾಲೆಯ ಅಳತೆಯ ಅಕ್ಷರಗಳಾದ್ದರಿಂದ ರಸ್ತೆಯ ಆ ಕಡೆಯಿಂದಲೂ ಓದಬಹುದಿತ್ತು. ಪಟ್ಟಿ ಕೊಟ್ಟ ಮೇಲೂ ಬಾಷಾನ ಸಂಕಟ ತೀರಲಿಲ್ಲ. "ಎಂಥಾ ಚಲೋ ಸ್ಕ್ರೀನು ಬಿದ್ದಿತ್ತು. ಒಂದು ಬೆಕ್ಕಿಗೆ ವೇಸ್ಟ್ ಆತು," ಎಂದು ಅದನ್ನು ಗೋಡೆಗೆ ತೂಗುಹಾಕಿ, ತೀರಿಹೋದವರ ಫೋಟೋ ನೋಡುವ ಹಾಗೆ ನೋಡುತ್ತ ಕೂತ.

ಈಗ ಕೊಟ್ರಬಸಪ್ಪ ಗೇಟಿನ ಮುಂದೆ ನಿಂತಿದ್ದ. ಬೈಕಿನ ಹಿಂದೆ ಒದ್ದೆ ಬಟ್ಟೆ ಮುಚ್ಚಿದ ಎರಡು ಬುಟ್ಟಿ ಮಲ್ಲಿಗೆ ಮೊಗ್ಗು. ಅದು ಏಳು ಗಂಟೆಯ ದಾವಣಗೆರೆ ಬಸ್ಸಿಗೆ ಏರಬೇಕು. ಎದುರಿನ ಗೋಡೆಯ ಮೇಲೆ ಗುಮಾಸ್ತ ಕೂತು, ಓದಿಕೊಳ್ಳಲಿ ಎಂಬಂತೆ ಕೊರಳೆತ್ತಿ ಎದೆ ನೆಕ್ಕುತ್ತಿತ್ತು.

"ಎಡಗಡಿಂದ ಬಲಕ್ಕ ಹೋತು," ಎಂದು ಕೊಟ್ರಬಸಪ್ಪ ಕೈ ತೋರಿಸಿದ. "ಬಲದಿಂದ ಎಡಕ್ಕ ದಾಟಿಸಿಬಿಡು. ಹೋಗ್ತೀನಿ."

"ಅಣ್ಣಾ, ಇವೆಲ್ಲ ಮೂಢನಂಬಿಕಿ. ಬೆಕ್ಕು ಅಡ್ಡ ಬಂದ್ರ ಏನೂ ಆಗಂಗಿಲ್ಲ."

"ನಾನೂ ನಂಬಂಗಿಲ್ಲಪ. ಆದ್ರ ಬೆಕ್ಕಿಗೆ ಅದು ಗೊತ್ತಿರಬೇಕಲ್ಲ."

"ಮೊದಲೂ ಅಡ್ಡ ಬರ್ತಿತ್ತಲ್ಲ. ಆಗ ಏನು ಮಾಡ್ತಿದ್ರಿ?"

"ಒಂದು ಕ್ಷಣ ನಿಂದರ್ತಿದ್ನಿ. ಬ್ಯಾರೆ ಯಾರರ ದಾಟಲಿ ಅಂತ ಕಾಯ್ತಿದ್ನಿ. ಅದು ಬೆಕ್ಕಿಗೆ ದಿಕ್ಕು ದೆಸಿ ಇಲ್ಲದ ಕಾಲ. ಈಗ ಮಾಲಕ ಅದಾನ, ನಂಬರ್ ಐತಿ. ನಾನ್ಯಾಕ ಕಾಯಲಿ?"

ಮಹಡಿಯ ಕೆಳಗಿನ ಬಾಗಿಲು ತೆರೆದ ಸದ್ದಾಯಿತು. ಅರುಣ್ ಕುಮಾರ್ ಓಡಿಹೋಗಿ ಗುಮಾಸ್ತನನ್ನು ಎತ್ತಿಕೊಂಡು, ಬಲದಿಂದ ಎಡಕ್ಕೆ ರಸ್ತೆ ದಾಟಿದ. ಕೊಟ್ರಬಸಪ್ಪ ಕೈ ಮುಗಿದು ಬೈಕು ಏರಿ ಹೋದ. ಅಷ್ಟರಲ್ಲಿ ಗೇಟಿನ ಒಳಗೆ ಸೀಮೆಸುಣ್ಣ ಗೋಡೆಗೆ ಉಜ್ಜಿದ ಸಪ್ಪಳ ಕೇಳಿಸಿತು. ಒಂದು ಗೆರೆ.

"ಜಗಳ ಅಲ್ರಿ ಅಮ್ಮಾರೆ. ಕೈ ಮುಗದು ಹೋದ್ರು."

"ಹೋಗೋವಾಗ ಮುಗದ. ಬರೋವಾಗ ಹಾರ್ನ್ ಹೊಡದ," ಎಂದರು ನಾಗಲಿಂಗಮ್ಮ.

ಆ ದಿನ ಅರುಣ್ ಕುಮಾರ್ ಮಾಡಿದ ತಪ್ಪು ಅದೊಂದೇ. ದಾಟಿಸಬಾರದಿತ್ತು. ಕೊಟ್ರಬಸಪ್ಪನ ಹೂವು ಬಸ್ಸು ಹಿಡಿಯಿತು. ಹಿಡಿದದ್ದನ್ನು ಅವನು ಬಸ್ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಹೇಳಿದ.

ಎಂಟೂ ಮುಕ್ಕಾಲಿಗೆ ಗೇಟಿನ ಮುಂದೆ ಸ್ಕೂಟಿ ನಿಂತಿತು. ಅದೇ ಓಣಿಯ ಗೀತಾಂಜಲಿ ಟೀಚರ್. ಹಿರೇಹಡಗಲಿಯ ಶಾಲೆಗೆ ಹೊರಟಿದ್ದರು. ಡೈರಿಯ ಹತ್ತಿರ ಗುಮಾಸ್ತ ಅವರಿಗೂ ಅಡ್ಡ ಬಂದಿತ್ತು. ಒಳಗೆ ಎರಡನೆಯ ಗೆರೆ ಬಿತ್ತು. ಅರುಣ್ ಕುಮಾರ್ ಡೈರಿಗೆ ಹೋಗಿ ಬೆಕ್ಕನ್ನು ಎತ್ತಿಕೊಂಡು ದಾಟಲು ಹೆಜ್ಜೆಯಿಟ್ಟ.

"ನಿಂದ್ರಿ," ಎಂದರು ಟೀಚರ್. "ನೀವು ಎತ್ತಿಕೊಂಡು ದಾಟಿದ್ರ ಬೆಕ್ಕು ದಾಟಿದಂಗೋ, ನೀವು ದಾಟಿದಂಗೋ?"

ಅರುಣ್ ಕುಮಾರ್ ರಸ್ತೆಯ ಅಂಚಿನಲ್ಲಿ ಒಂದು ಕಾಲೆತ್ತಿ ನಿಂತ.

"ಅದು ಹೋಗುವಾಗ ತನ್ನ ಕಾಲಿಂದ ಹೋಗೈತಿ," ಅವರು ಹಲಗೆಯ ಮೇಲೆ ಲೆಕ್ಕ ಬಿಡಿಸುವ ದನಿಯಲ್ಲಿ ಹೇಳಿದರು. "ಬರೋವಾಗಲೂ ತನ್ನ ಕಾಲಿಂದಲೇ ಬರಬೇಕು. ಇಲ್ಲಂದ್ರ ಸಮ ಆಗಂಗಿಲ್ಲ."

ಅವನು ಬೆಕ್ಕನ್ನು ಕೆಳಗೆ ಬಿಟ್ಟ. ಗುಮಾಸ್ತ ನಾಲ್ಕು ಹೆಜ್ಜೆ ನಡೆದು ರಸ್ತೆಯ ನಟ್ಟನಡುವೆ ಕೂತು ಬಾಲ ನೆಕ್ಕತೊಡಗಿತು. ಹಾಲಿಗೆ ಬಂದವರು, ನೀರಿನ ಕ್ಯಾನಿನ ಗಾಡಿಯವನು, ಆಟೋದವನು ಎಲ್ಲರೂ ಎರಡೂ ಬದಿಗೆ ನಿಂತರು. ರೈಲ್ವೆ ಗೇಟು ಹಾಕಿದಂತಾಯಿತು. ಯಾರೂ ದಾಟುವವರಿಲ್ಲ.

"ಅರ್ಧ ದಾಟೈತಿ," ಎಂದ ಆಟೋದವನು.

"ಹಂಗಾದ್ರ ನಾನು ಅರ್ಧ ದಿನ ರಜಾ ಹಾಕಬೇಕೇನು?" ಎಂದರು ಟೀಚರ್.

ಅರುಣ್ ಕುಮಾರ್ ಡೈರಿಯಿಂದ ಒಂದು ಹಾಲಿನ ಪ್ಯಾಕೆಟ್ಟು ತಂದು, ಹಲ್ಲಿನಿಂದ ತುದಿ ಹರಿದು, ರಸ್ತೆಯ ಮೇಲೆ ಹನಿಹನಿಯಾಗಿ ಚೆಲ್ಲುತ್ತ ಹಿಂದಕ್ಕೆ ನಡೆದ. ಬೆಕ್ಕು ಹಾಲನ್ನು ನೆಕ್ಕುತ್ತ ನೆಕ್ಕುತ್ತ ಹನ್ನೆರಡು ನಿಮಿಷದಲ್ಲಿ ರಸ್ತೆ ದಾಟಿತು. ಎರಡೂ ಬದಿಯಲ್ಲಿ ಜನ ಚಪ್ಪಾಳೆ ತಟ್ಟಿದರು.

ಆಗ ಎದುರು ಮನೆಯ ಮಕ್ತುಂಬಿ ಸೆರಗು ಸರಿಮಾಡಿಕೊಳ್ಳುತ್ತ ಹೊರಬಂದಳು. ಗುಮಾಸ್ತನ ಕೊರಳು ನೋಡಿ ಅವಳ ಮುಖ ಕೆಂಪಾಯಿತು.

"ಇದು ನಮ್ಮ ಶಹಜಾದ. ಎರಡು ವರ್ಷದಿಂದ ನಮ್ಮನ್ಯಾಗ ಉಣ್ತೈತಿ. ಇದರ ಕೊಳ್ಳಾಗ ನಿನ್ನ ಹೆಸರು ಹಚ್ಚು ಅಂತ ಯಾರು ಹೇಳ್ಯಾರ ಬೇಟಾ?"

"ಕಳದೀತು ಅಂತ ಚಾಚಿ..."

"ಪಟ್ಟಿ ಕಟ್ಟಾಕ ಅದು ನಾಯೇನು? ಬೆಕ್ಕು ಅಂದ್ರ ಮನಸ್ಸು ಬಂದ ಮನಿಗೆ ಹೋಗ್ತೈತಿ, ಮನಸ್ಸು ಬಂದಾಗ ಎದ್ದು ಬರ್ತೈತಿ. ನೆಂಟರ ಕೊಳ್ಳಿಗೆ ಯಾರರ ಪಟ್ಟಿ ಕಟ್ತಾರೇನು? ತೆಗಿ ಅದನ್ನ."

ಅರುಣ್ ಕುಮಾರ್‌ಗೆ ಬೆಳಕು ಕಂಡಂತಾಯಿತು. "ನಿಮ್ಮ ಬೆಕ್ಕಾದ್ರ ನಿಮ್ಮ ನಂಬರೇ ಹಚ್ಚಿಬಿಡೋಣ ಚಾಚಿ."

ಮಕ್ತುಂಬಿ ಎರಡೂ ಬದಿ ನಿಂತಿದ್ದ ಜನರನ್ನು ನೋಡಿದಳು. ಬಾಗಿಲ ಕಡೆಗೆ ಒಂದು ಹೆಜ್ಜೆ ಹಿಂದೆ ಸರಿದಳು.

"ನಮ್ಮ ಬೆಕ್ಕು ಅಂತ ಎಲ್ಲಿ ಅಂದ್ನಿ? ನಮ್ಮನ್ಯಾಗ ಉಣ್ತೈತಿ ಅಂದ್ನಿ."

ಹತ್ತು ಗಂಟೆಗೆ ಅವನು ಅಂಗಡಿ ಸೇರುವಷ್ಟರಲ್ಲಿ ಏಳು ಫೋನು ಬಂದಿದ್ದವು. ಗುಮಾಸ್ತನನ್ನು ಕೋಣೆಯಲ್ಲಿ ಕೂಡಿಹಾಕಿ ಬಂದಿದ್ದರೂ ಫೋನು ನಿಲ್ಲಲಿಲ್ಲ. ಒಬ್ಬರು ಹೋದ ಶ್ರಾವಣದಲ್ಲಿ ಅಡ್ಡ ಬಂದದ್ದಕ್ಕೆ ಈಗ ಏನಾದರೂ ಮಾಡಲಾದೀತೇ ಎಂದು ಕೇಳಿದರು.

ಹನ್ನೊಂದಕ್ಕೆ ಪಕ್ಕದ ಓಣಿಯ ನಾಗಪ್ಪ ಎಂಬುವವರು ಬಂದು ಎದುರಿಗೆ ಸ್ಟೂಲಿನ ಮೇಲೆ ಕೂತರು. ಸಾಲಾಗಿ ನಾಲ್ಕು ಹರಳುಂಗುರ ಹಾಕಿದ್ದ ದೊಡ್ಡ ಮನುಷ್ಯರು.

"ಪುರಸಭಿಗೆ ಒಂದು ಅರ್ಜಿ ಬರೀಬೇಕ್ರಿ. ಕೆಂಪು ಪಟ್ಟಿ ಬೆಕ್ಕಿನ ಮಾಲಕನ ಮ್ಯಾಲೆ."

ಅರುಣ್ ಕುಮಾರ್‌ನ ಬೆರಳು ಕೀಲಿಮಣೆಯ ಮೇಲೆ ನಿಂತವು. ಆದರೆ ಆರು ವರ್ಷದ ಅಭ್ಯಾಸ ದೊಡ್ಡದು. ಅವು ತಾವಾಗಿಯೇ ಓಡತೊಡಗಿದವು. "ಮಾನ್ಯರೇ, ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ."

"ಏನಾತ್ರಿ?" ಎಂದು ಕೇಳಿದ.

"ನಿನ್ನೆ ಸಂಜೀಕ ನನ್ನ ಮಗಗ ಹೆಣ್ಣು ನೋಡಾಕ ಹೊಂಟಿದ್ವಿ. ಡೈರಿ ಹತ್ರ ಬೆಕ್ಕು ಅಡ್ಡ ಬಂತು. ಹುಡುಗಿ ಒಲ್ಲೆ ಅಂದ್ಲು."

"ಇದಕ್ಕ ಮುಂಚೆ ಎಲ್ಲೂ ನೋಡಿರಲಿಲ್ಲೇನ್ರಿ?"

"ನೋಡಿದ್ವಿ. ನಾಕು ಕಡಿ. ನಾಕೂ ಹುಡುಗ್ಯಾರು ಒಲ್ಲೆ ಅಂದ್ರು."

"ಆಗೂ ಬೆಕ್ಕು ಅಡ್ಡ ಬಂದಿತ್ತೇನ್ರಿ?"

"ಬಂದಿರಬೇಕು. ಆಗ ನಂಬರ್ ಇರಲಿಲ್ಲ, ಯಾರು ಲಕ್ಷ್ಯ ಕೊಡ್ತಾರ?"

ಅರುಣ್ ಕುಮಾರ್ ಬರೆದ. ಬೆಕ್ಕಿನ ಮಾಲೀಕರ "ಬೇಜವಾಬ್ದಾರಿ" ಎಂದು ನಾಗಪ್ಪ ಹೇಳಿದ್ದನ್ನು ಅವನು "ಘೋರ ಬೇಜವಾಬ್ದಾರಿ" ಎಂದು ತಿದ್ದಿದ. ವಾಕ್ಯಕ್ಕೆ ತೂಕ ಬೇಕಿತ್ತು. "ಸದರಿಯವರ ಮೇಲೆ ಕಠಿಣ ಕ್ರಮ" ಎಂದಾಗ ಅವನಿಗೆ ಸಣ್ಣಗೆ ಬೆವರಿತು, ಆದರೂ ಸಾಲು ಚೆನ್ನಾಗಿ ಕೂತಿದೆ ಅನ್ನಿಸಿತು. ಕೊನೆಗೆ ಹೆಸರು, ವಿಳಾಸ. ನಾಗಪ್ಪ ಕಿಸೆಯಿಂದ ಚೀಟಿ ತೆಗೆಯುವ ಮೊದಲೇ ಅವನು ಟೈಪ್ ಮಾಡಿ ಮುಗಿಸಿದ್ದ.

ನಾಗಪ್ಪ ಪ್ರತಿಯನ್ನು ಓದಿ ಖುಷಿಯಾದರು. "ಏನ್ ಬರದೀರಿ. ಇದನ್ನ ಓದಿದ್ರ ಆ ಮನುಷ್ಯಾನ ಮ್ಯಾಲೆ ನನಗ ಇನ್ನೂ ಸಿಟ್ಟು ಬರಾಕ ಹತ್ತೈತಿ. ಮೊದಲು ಅವನ ಮನಿಗೇ ಹೋಗಿ ಒಂದು ಮಾತು ಕೇಳಿ ಬರ್ತೀನಿ."

"ಮನಿಗೆ ಬ್ಯಾಡ್ರಿ," ಅರುಣ್ ಕುಮಾರ್ ಎದ್ದು ನಿಂತ. "ಏನು ಕೇಳೋದೈತಿ ಇಲ್ಲೇ ಕೇಳ್ರಿ. ಅರುಣ್ ಕುಮಾರ್ ನಾನೇ."

ನಾಗಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕು, ಬೆನ್ನು ತಟ್ಟಿದರು.

"ಬಿಡ್ರಿ. ನೀವು ಭಾಳ ಒಳ್ಳೇರು. ಇನ್ನೊಬ್ಬನ ತಪ್ಪು ಮೈಮ್ಯಾಲೆ ಹಾಕ್ಕೊಂತೀರಿ. ಅವನು ನಿಮ್ಮಂಗ ಇದ್ದಿದ್ರ ನಾನ್ಯಾಕ ಅರ್ಜಿ ಕೊಡ್ತಿದ್ದೆ?"

ಇಪ್ಪತ್ತು ನಿಮಿಷದ ನಂತರ ನಾಗಲಿಂಗಮ್ಮನ ಫೋನು ಬಂತು. ನಾಗಪ್ಪ ಗೇಟಿಗೇ ಬಂದಿದ್ದರಂತೆ. ಮೂರನೆಯ ಗೆರೆ. ಅರುಣ್ ಕುಮಾರ್‌ಗೆ ಕಾಗದದ ಕಟ್ಟುಗಳು ಕಣ್ಣಮುಂದೆ ಬಂದವು. ಅವು ಇದ್ದಲ್ಲೇ ಇದ್ದವು, ಮೂಲೆಯಲ್ಲಿ, ಅವನಷ್ಟೇ ಉದ್ದದ ಜಾಗ ಬಿಟ್ಟುಕೊಂಡು.

"ಅಮ್ಮಾರೆ, ಒಂದು ಅವಕಾಶ ಕೊಡ್ರಿ. ಪಟ್ಟಿ ತೆಗದು ಒಗೀತೀನಿ."

"ತೆಗಿಯೋದು ಬಿಡೋದು ನೀನೊಬ್ಬನ ಹೇಳಿದ್ರ ಆಗಂಗಿಲ್ಲ. ಅದು ಈಗ ಓಣಿ ಬೆಕ್ಕಾಗೇತಿ. ಐದಕ್ಕ ಡೈರಿ ಕಟ್ಟಿಗೆ ಬಾ. ಎಲ್ಲಾರೂ ಒಂದು ಮಾತಿಗೆ ಬಂದ್ರಂದ್ರ ಗೆರಿ ಅಳಸ್ತೀನಿ. ಇಲ್ಲಾಂದ್ರ ದೀಪ ಹಚ್ಚೋದ್ರೊಳಗ ಕೋಣಿ ಬಿಡು."

ಐದಕ್ಕೆ ಡೈರಿಯ ಬೇವಿನ ಮರದ ಕಟ್ಟೆಯ ಮೇಲೆ ಓಣಿ ಸೇರಿತು. ವಿಷಯ: ಸಾಕಿದ ಬೆಕ್ಕಿಗೆ ಕೊರಳಪಟ್ಟಿ ಬೇಕೋ, ಬೇಡವೋ. ಗುಮಾಸ್ತನನ್ನು ಅಕ್ಕಿ ಚೀಲದಲ್ಲಿ ಹಾಕಿ, ಮುಖ ಮಾತ್ರ ಹೊರಗಿಟ್ಟು, ನಡುವೆ ಕೂರಿಸಲಾಗಿತ್ತು. ಅದು ನಿದ್ದೆ ಮಾಡುತ್ತಿತ್ತು.

ಅರುಣ್ ಕುಮಾರ್ ಕಿಸೆಯಿಂದ ಕತ್ತರಿ ತೆಗೆದ. "ನನ್ನ ತಪ್ಪಾತು. ಈಗ್ಲೇ ಕತ್ತರಿಸಿಬಿಡ್ತೀನಿ."

"ಏ, ತಡಿ ತಡಿ," ಕೊಟ್ರಬಸಪ್ಪ ಕೈ ಹಿಡಿದ. "ನಂಬರ್ ಪ್ಲೇಟು ಕಿತ್ತ ಗಾಡಿ ರೋಡಿಗೆ ಬಿಡ್ತೀಯೇನು? ಇವತ್ತು ನನ್ನ ಹೂವು ಬಸ್ಸಿಂದ ಇಳಿದಿದ್ದೇ ತಡ ಖಾಲಿ ಆಗೇತಂತ. ಯಾಕ? ಬೆಕ್ಕು ವಾಪಸ್ ದಾಟಿತ್ತು. ಪಟ್ಟಿ ಇಲ್ಲದಿದ್ರ ಯಾರು ದಾಟಿಸ್ತಿದ್ರು? ಪಟ್ಟಿ ಬೇಕ ಬೇಕು."

"ಬ್ಯಾಡ ಅಂದ್ರ ಬ್ಯಾಡ," ಎಂದಳು ಮಕ್ತುಂಬಿ. "ಮುಂಜಾನೆಯಿಂದ ಅದು ನಮ್ಮನ್ಯಾಗ ಒಂದು ತುತ್ತು ಉಂಡಿಲ್ಲ. ನಾಚಿಗಿ ಆಗೇತಿ ಅದಕ್ಕ."

"ಕೋಣ್ಯಾಗ ಕೂಡಿ ಹಾಕಿದ್ದೆ ಚಾಚಿ."

"ನಾಚಿಗಿ ಆಗಿದ್ದಕ್ಕ ಕೂಡಿ ಹಾಕಿಸಿಕೊಂಡೈತಿ."

ಗೀತಾಂಜಲಿ ಟೀಚರ್ ಕೈ ಎತ್ತಿದರು. ಎಲ್ಲರೂ ಸುಮ್ಮನಾದರು. "ಪಟ್ಟಿ ಬೇಕೋ ಬ್ಯಾಡೋ ಆಮ್ಯಾಲೆ. ಓಣ್ಯಾಗ ಒಂಬತ್ತು ಬೆಕ್ಕು ಅದಾವ. ಒಂದಕ್ಕ ನಂಬರ್ ಐತಿ. ಉಳಿದ ಎಂಟು ಅಡ್ಡ ಬಂದ್ರ ಯಾರಿಗೆ ಫೋನ್ ಮಾಡೋದು?"

ಇಷ್ಟು ದಿನ ಎಷ್ಟು ದೊಡ್ಡ ಅಪಾಯದ ನಡುವೆ ತಾವು ಬದುಕಿದ್ದೇವೆಂದು ಜನರಿಗೆ ಆಗಷ್ಟೇ ಹೊಳೆಯಿತು. ಒಬ್ಬ ಮುದುಕ ಕಾಲು ಮೇಲೆತ್ತಿಕೊಂಡು ಕೂತ.

ಅರುಣ್ ಕುಮಾರ್ ಇದೇ ಸಮಯ ಎಂದುಕೊಂಡು ಬಾಯಿ ಬಿಟ್ಟ. ದಿನವೆಲ್ಲ ಅವನು ಆಡಿದ ಮಾತುಗಳಲ್ಲಿ ಜನ ಪೂರ್ತಿ ಕೇಳಿಸಿಕೊಂಡದ್ದು ಇದೊಂದನ್ನೇ. "ಹಂಗಾದ್ರ ಒಂಬತ್ತಕ್ಕೂ ಪಟ್ಟಿ ಕಟ್ಟೋಣ. ಮನಿಗೊಂದು ಬೆಕ್ಕು. ಯಾರ ಪಾಲಿಗೆ ಯಾವ ಬೆಕ್ಕು ಬರ್ತೈತಿ, ಅವರದೇ ಹೆಸರು, ಅವರದೇ ನಂಬರು. ಎಲ್ಲಾರಿಗೂ ಸಮ."

ಹಂಚಿಕೆ ಮುಗಿಯಲು ಅರ್ಧ ಗಂಟೆ ಹಿಡಿಯಿತು. ಬಿಳಿ ಬೆಕ್ಕಿಗೆ ಮೂವರು ಬಂದರು. ಒಂದು ಕಿವಿ ಇಲ್ಲದ ಕರಿಯ ಬೆಕ್ಕನ್ನು ಯಾರೂ ಒಪ್ಪದೆ, ಕೊನೆಗೆ ಬಾಯಿ ಮುಂದಿದ್ದ ಕೊಟ್ರಬಸಪ್ಪನಿಗೇ ಹಚ್ಚಿದರು. ಹಳದಿ ಪಟ್ಟೆಯ ಹೆಣ್ಣು ಬೆಕ್ಕು ಮಕ್ತುಂಬಿಗೆ ಬಂತು. ಪಟ್ಟಿ ಮೆತ್ತಗಿರಬೇಕು ಎಂಬ ಷರತ್ತಿನ ಮೇಲೆ ಅವಳು ಒಪ್ಪಿದಳು. ಅರುಣ್ ಕುಮಾರ್ ಠರಾವನ್ನು ಹಾಳೆಯ ಮೇಲೆ ಬರೆದು "ಸರ್ವಾನುಮತದಿಂದ" ಎಂಬ ಪದದ ಕೆಳಗೆ ಎರಡು ಸಲ ಗೀಟು ಎಳೆದ. ಗುಮಾಸ್ತನಿಗೆ ಪಟ್ಟಿ ಇದ್ದೇ ಇತ್ತು. ಉಳಿದ ಎಂಟು ಹೆಸರು, ಎಂಟು ನಂಬರಿನ ಚೀಟಿಯನ್ನು ಬಾಷಾನನ್ನು ಕರೆಸಿ ಕೈಗೆ ಕೊಟ್ಟರು.

"ದೀಪ ಹಚ್ಚೋದ್ರೊಳಗ ಆಗಬೇಕು," ಎಂದರು ನಾಗಲಿಂಗಮ್ಮ.

ಬಾಷಾ ಚೀಟಿಯನ್ನು ಬಹಳ ಹೊತ್ತು ನೋಡಿದ. ಕಿವಿ ಕೆರೆದುಕೊಂಡ. ಆಮೇಲೆ ಅವನ ಮುಖದ ಮೇಲೆ, ನಿನ್ನೆಯಿಂದ ಮೊದಲ ಬಾರಿಗೆ, ನಗು ಬಂತು.

"ಆಗ್ತೈತ್ರಿ. ಒಂದು ತಾಸು ಸಾಕು."

ಹೇಳಿದ ಹೊತ್ತಿಗೆ ಬಂದ. ಆಮೇಲಿನ ಅರ್ಧ ಗಂಟೆಯಲ್ಲಿ ಡೈರಿ ಓಣಿಯಲ್ಲಿ ಮನುಷ್ಯರು ಬೆಕ್ಕುಗಳ ಹಿಂದೆ ಓಡಿದರು, ಮಾಳಿಗೆ ಏರಿದರು, ಬುಟ್ಟಿ ಮುಚ್ಚಿದರು. ಮೂವರಿಗೆ ಕೈ ಪರಚಿತು, ಒಬ್ಬರ ಪಂಚೆ ಹರಿಯಿತು. ಹಿಡಿದ ಬೆಕ್ಕನ್ನು ಗೋಣಿಚೀಲದಲ್ಲಿ ಸುತ್ತಿ ಒತ್ತಿ ಹಿಡಿದರೆ, ಬಾಷಾ ಶಾಲೆಯ ಹುಡುಗರಿಗೆ ಟೈ ಕಟ್ಟುವ ಚುರುಕಿನಲ್ಲಿ ಪಟ್ಟಿ ಬಿಗಿದು ಬಿಡುತ್ತಿದ್ದ. ಬಿಟ್ಟ ಬೆಕ್ಕು ಬಾಣದಂತೆ ಹೋಗುತ್ತಿತ್ತು. ಒಂದು ಕಿವಿಯ ಕರಿ ಬೆಕ್ಕು ಹೋಗುವಾಗ ಕೊಟ್ರಬಸಪ್ಪನ ಚಪ್ಪಲಿಯನ್ನೂ ಸ್ವಲ್ಪ ದೂರ ಎಳೆದುಕೊಂಡು ಹೋಯಿತು.

ನಾಗಲಿಂಗಮ್ಮ ಒದ್ದೆ ಬಟ್ಟೆ ತಂದು ಮೂರೂ ಗೆರೆಗಳನ್ನು ಒರೆಸಿದರು. ಹಿಂದಿನ ಬಾಡಿಗೆದಾರನ ಗೆರೆಗಳನ್ನು ಹಾಗೇ ಬಿಟ್ಟರು. ಅರುಣ್ ಕುಮಾರ್ ಮೂಲೆಯ ಗಾಡಿಯಿಂದ ಒಗ್ಗರಣೆ ಮಂಡಕ್ಕಿ, ನಾಲ್ಕು ಮಿರ್ಚಿ ಕಟ್ಟಿಸಿಕೊಂಡು ಬಂದು ಮೆಟ್ಟಿಲ ಮೇಲೆ ಕೂತ. ಬೆಳಿಗ್ಗೆಯಿಂದ ಅವನು ಏನೂ ತಿಂದಿರಲಿಲ್ಲ. ಗುಮಾಸ್ತ ಅವನ ಕಾಲ ಬಳಿ ಸುರುಳಿ ಸುತ್ತಿ ಮಲಗಿತು. ಇಡೀ ದಿನ ತಾನೊಬ್ಬನೇ ಹೊತ್ತಿದ್ದ ಭಾರವನ್ನು ಒಂಬತ್ತು ಮನೆಯವರು ಎತ್ತಿಕೊಂಡಂತೆ ಅವನಿಗೆ ಅನ್ನಿಸಿತು. ಎರಡನೆಯ ಮಿರ್ಚಿ ಕಚ್ಚುವಾಗ ಫೋನು ಬಂತು.

"ಅರುಣ್ ಕುಮಾರ್ ಏನ್ರಿ? ಬಸ್ ಸ್ಟ್ಯಾಂಡಿನಿಂದ ಮಾತಾಡೋದು. ನಿಮ್ಮ ಬೆಕ್ಕು ಅಡ್ಡ ಬಂದೈತಿ."

ಅರುಣ್ ಕುಮಾರ್ ಕಾಲ ಬಳಿ ನೋಡಿ ನಕ್ಕ. "ಇಲ್ರಿ, ನನ್ನ ಬೆಕ್ಕು ಇಲ್ಲೇ ಮಲಗೇತಿ. ಈಗ ಓಣಿ ಬೆಕ್ಕಿಗೆಲ್ಲ ಪಟ್ಟಿ ಅದಾವ. ಸರಿಯಾಗಿ ಓದ್ರಿ, ಬ್ಯಾರೆಯವರ ನಂಬರ್ ಇರ್ತೈತಿ."

"ಓದೇ ಮಾಡಿದ್ದು. ಕರಿ ಬೆಕ್ಕು. ಒಂದು ಕಿವಿ ಇಲ್ಲ. ಅರುಣ್ ಕುಮಾರ್ ಅಂತ ಐತಿ."

ಅವನು ಉತ್ತರಿಸುವಷ್ಟರಲ್ಲಿ ಇನ್ನೊಂದು ಕರೆ ಒಳಗೆ ಬರುತ್ತಿತ್ತು. ಅದು ಬಿಳಿ ಬೆಕ್ಕು. ಅದರ ಹಿಂದೆ ಹಳದಿ ಪಟ್ಟೆಯದು. ಮಿರ್ಚಿ ಅವನ ಕೈಯಲ್ಲೇ ತಣ್ಣಗಾಯಿತು.

ಬಾಷಾ ಡೈರಿ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ. ಅರುಣ್ ಕುಮಾರ್ ಬಂದು ಮುಂದೆ ನಿಂತಾಗ ಅವನಿಗೆ ಸಂಕೋಚವೇನೂ ಇರಲಿಲ್ಲ.

"ಎಂಟು ಹೆಸರಿಗೆ ಎಂಟು ಸ್ಕ್ರೀನು ಬೇಕು ಭಾಯ್. ಒಣಗಾಕ ಎರಡು ದಿನ. ಇವರಿಗೆ ಒಂದು ತಾಸಿನ್ಯಾಗ ಆಗಬೇಕು. ನಿನ್ನ ಸ್ಕ್ರೀನು ರೆಡಿ ಇತ್ತು. ಪಾಪ, ಗ್ವಾಡಿ ಮ್ಯಾಲೆ ತೂಗ್ಯಾಡತಿತ್ತು. ನೋಡು, ಕಡೀಗೂ ವೇಸ್ಟ್ ಆಗಲಿಲ್ಲ."

"ಕಟ್ಟೋವಾಗ ಯಾರೂ ಓದಲಿಲ್ಲೇನು?"

"ನಾನು ಓದಿದ್ನಿ," ಎಂದ ಪಕ್ಕದಲ್ಲಿದ್ದ ಕೊಟ್ರಬಸಪ್ಪ, ಪರಚಿದ ಕೈಗೆ ಅರಿಶಿನ ಹಚ್ಚಿಕೊಳ್ಳುತ್ತ. "ತಪ್ಪಾಗೇತಿ ಅಂತ ಗೊತ್ತಾತು. ಆದ್ರ ಎಲ್ಲಾರಿಗೂ ಅನುಕೂಲ ಆಗೋ ತಪ್ಪು. ಒಂಬತ್ತು ನಂಬರ್ ಯಾರು ನೆನಪಿಟ್ಟುಕೊಳ್ಳತಾರ? ಒಂದೇ ನಂಬರ್ ಇದ್ರ ಸಲೀಸು."

"ನಾನೂ ಓದಿದ್ನಿ," ಎಂದರು ಗೀತಾಂಜಲಿ ಟೀಚರ್. "ಬೆಕ್ಕು ದಾಟಿಸೋ ಅಭ್ಯಾಸ ನಿಮಗೇ ಐತಲ್ಲ ಅಂತ ಸುಮ್ಮನಾದೆ."

ಮಕ್ತುಂಬಿ ತನಗೆ ಕನ್ನಡಕವಿಲ್ಲದೆ ಕಾಣುವುದಿಲ್ಲ ಎಂದಳು. ಪಟ್ಟಿ ಮಾತ್ರ ಮೆತ್ತಗಿದೆಯಂತೆ.

ಅರುಣ್ ಕುಮಾರ್ ನಾಗಲಿಂಗಮ್ಮನ ಕಡೆ ತಿರುಗಿದ. ಅವನ ಕಿಸೆಯಲ್ಲಿ ಫೋನು ನಡುಗುತ್ತಲೇ ಇತ್ತು. "ಗೆರಿ ಎಳೀರಿ ಅಮ್ಮಾರೆ. ಮೂರೂ ಒಮ್ಮೆಲೆ ಎಳೀರಿ. ನಾನು ಕೋಣಿ ಖಾಲಿ ಮಾಡ್ತೀನಿ."

"ಯಾಕ ಖಾಲಿ ಮಾಡ್ತೀ?" ನಾಗಲಿಂಗಮ್ಮ ಸೀಮೆಸುಣ್ಣದ ತುಂಡನ್ನು ಚರಂಡಿಗೆ ಎಸೆದರು. ಅವರ ದನಿಯಲ್ಲಿ ಹಿಂದೆಂದೂ ಇಲ್ಲದ ಅಕ್ಕರೆ ಇತ್ತು. "ಇನ್ನ ಯಾರೂ ಗೇಟಿಗೆ ಬರಂಗಿಲ್ಲ. ನಿನಗ ಇಲ್ಲೇ ಕಟ್ಟಿ ಮ್ಯಾಲೆ ಒಂದು ಕುರ್ಚಿ ಹಾಕ್ತೀವಿ. ಮುಂಜಾನೆ ಆರರಿಂದ ಒಂಬತ್ತು, ಸಂಜೀಕ ಐದರಿಂದ ಏಳು. ಓಣಿ ಬೆಕ್ಕೆಲ್ಲ ನಿನ್ನ ಹೆಸರಿಗೆ ಅದಾವ ತಮ್ಮಾ. ನೀನು ಹ್ವಾದ್ರ ಫೋನ್ ಯಾರು ಎತ್ತಾರ?"

ಹನ್ನೊಂದು ಮನೆಯವರು ಬೇಡವೆಂದ ಮನುಷ್ಯ ಈಗ ಒಂದಿಡೀ ಓಣಿಗೆ ಬೇಕಾಗಿದ್ದ. ಅರುಣ್ ಕುಮಾರ್ ಮಹಡಿ ಏರಿದ. ಎರಡು ಅಂಗಿ, ಒಂದು ಲುಂಗಿ, ಚಾರ್ಜರು ಚೀಲಕ್ಕೆ ತುರುಕಿದ. ಕೊಟ್ಟೂರಿನಲ್ಲಿ ಅವನ ಅಕ್ಕ ಇದ್ದಳು. ಏಳೂವರೆಗೆ ಬಸ್ಸಿತ್ತು. ಹಿಂದೆಯೇ ಬಂದು ಕುರ್ಚಿಯ ಮೇಲೆ ಮಲಗಿದ್ದ ಗುಮಾಸ್ತನ ತಲೆ ಸವರಿ, ಸದ್ದಾಗದಂತೆ ಮೆಟ್ಟಿಲಿಳಿದು, ಗೇಟು ಸರಿಸಿ ಹೊರಬಂದ.

ಕಟ್ಟೆ ಖಾಲಿಯಾಗಿತ್ತು. ಎಲ್ಲರೂ ಒಳಗೆ ದೀಪ ಹಚ್ಚುತ್ತಿದ್ದರು. ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಬಸ್ ಸ್ಟ್ಯಾಂಡು ಏಳು ನಿಮಿಷದ ದಾರಿ. ಅವನು ಹತ್ತು ಹೆಜ್ಜೆ ಹಾಕಿದ್ದ. ಆಗ ಹಳದಿ ಪಟ್ಟೆಯ ಬೆಕ್ಕು ಎಡಗಡೆಯ ಗೋಡೆಯಿಂದ ಇಳಿದು, ಅವಸರವಿಲ್ಲದೆ, ಅವನ ಮುಂದೆಯೇ ಬಲಕ್ಕೆ ದಾಟಿ ಮಕ್ತುಂಬಿಯ ಜಗಲಿ ಏರಿ ಕೂತಿತು.

ಅರುಣ್ ಕುಮಾರ್ ಮನಸ್ಸಿನಲ್ಲೇ ನಕ್ಕ. ಕಾಲೆತ್ತಿದ. ಎತ್ತಿದ ಕಾಲು ಕೆಳಗಿಳಿಯಲಿಲ್ಲ.

ಬೇರೆ ಯಾರಾದರೂ ದಾಟಿ ಹೋಗಲಿ ಎಂದು ಕಾದ. ಯಾರೂ ಬರಲಿಲ್ಲ. ದೂರದಲ್ಲಿ ಕೊಟ್ಟೂರು ಬಸ್ಸು ಹಾರ್ನ್ ಹೊಡೆಯಿತು. ಬೀದಿ ದೀಪದ ಬೆಳಕಿನಲ್ಲಿ ಕೆಂಪು ಪಟ್ಟಿಯ ಮೇಲಿನ ಬಿಳಿ ಅಂಕಿಗಳು ನಿಚ್ಚಳವಾಗಿ ಕಾಣುತ್ತಿದ್ದವು. ಅವನು ಚೀಲ ಕೆಳಗಿಟ್ಟು, ಫೋನು ತೆಗೆದು, ಒಂದೊಂದೇ ಅಂಕಿ ಓದಿಕೊಳ್ಳುತ್ತ ಒತ್ತಿ, ಕಿವಿಗಿಟ್ಟುಕೊಂಡ.

"ನೀವು ಕರೆ ಮಾಡುತ್ತಿರುವ ವ್ಯಕ್ತಿ," ಎಂದಿತು ಒಂದು ಸೌಮ್ಯವಾದ ಹೆಣ್ಣು ದನಿ, "ಬೇರೊಂದು ಕರೆಯಲ್ಲಿ ನಿರತರಾಗಿದ್ದಾರೆ. ದಯವಿಟ್ಟು ಕಾಯಿರಿ."

ಅವನು ಕಾಯುತ್ತ ನಿಂತ.